ಬಾಳಿನುದ್ದದ ಕಾಯಿಲೆ ಮತ್ತು ಸಮಗ್ರ ಸ್ವಾಸ್ಥ್ಯ: ಡಾ. ಆರ್. ಡಿ. ಲಾರೆನ್ಸ್ ಅವರ ಬದುಕು ಪಂಚಾಯಿತಿಗೆ ಕಲಿಸುವ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಆರೋಗ್ಯ ಎಂಬ ವಿಷಯದ ಕೆಳಗೆ ಸಾಮಾನ್ಯವಾಗಿ ದಾಖಲಾಗುವ ಸಂಗತಿಗಳು ನಾಲ್ಕಾರು ಮಾತ್ರ. ಚರಂಡಿಯ ಹೂಳು, ಸೊಳ್ಳೆಯ ಕಾಟ, ಕುಡಿಯುವ ನೀರಿನ ತೊಟ್ಟಿಯ ಶುಚಿತ್ವ, ಮಕ್ಕಳ ಲಸಿಕೆ. ಇವೆಲ್ಲವೂ ಅಗತ್ಯವೇ. ಆದರೆ ಇವು ತಡೆಯುವುದು ಬಂದುಹೋಗುವ ಕಾಯಿಲೆಗಳನ್ನು. ಒಮ್ಮೆ ಬಂದರೆ ಹೋಗದೆ, ಮನುಷ್ಯನ ಜೊತೆಯಲ್ಲೇ ಉಂಡು ಮಲಗಿ ಏಳುವ ಕಾಯಿಲೆಗಳ ಹೆಸರು ನಡಾವಳಿಯಲ್ಲಿ ಕಾಣುವುದು ವಿರಳ. ಮಧುಮೇಹ, ಅಧಿಕ ರಕ್ತದೊತ್ತಡ, ಆಸ್ತಮಾ, ಮೂತ್ರಪಿಂಡದ ಕಾಯಿಲೆ ಇವೆಲ್ಲ ಮನೆಯೊಳಗಿನ ಗುಟ್ಟಾಗಿಯೇ ಉಳಿಯುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇದು ಪಟ್ಟಣದವರ, ಉಳ್ಳವರ ಕಾಯಿಲೆ ಎಂಬ ಹಳೆಯ ನಂಬಿಕೆಯನ್ನು ಈ ಅಧ್ಯಯನದ ಗ್ರಾಮೀಣ ಅಂಕಿಗಳು ಅಲ್ಲಗಳೆದಿವೆ. ಕೂಲಿ ಮಾಡುವವರ ಮನೆಯಲ್ಲೂ, ಎರಡು ಎಕರೆ ಖುಷ್ಕಿ ಉಳುವವರ ಮನೆಯಲ್ಲೂ ಸಕ್ಕರೆ ಕಾಯಿಲೆ ಇದೆ.

ಇಂತಹ ಕಾಯಿಲೆಯೊಂದಿಗೆ ಮನುಷ್ಯ ಪೂರ್ಣವಾದ ಬಾಳನ್ನು ಬಾಳಬಹುದೇ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಸ್ಪಷ್ಟವಾದ ಉತ್ತರವಿದೆ. ಆ ಉತ್ತರವನ್ನು ಕೊಟ್ಟವರು ಸ್ವತಃ ರೋಗಿಯಾಗಿದ್ದ ಒಬ್ಬ ವೈದ್ಯರು, ಸ್ಕಾಟ್ಲೆಂಡಿನ ಡಾ. ರಾಬರ್ಟ್ ಡೇನಿಯಲ್ ಲಾರೆನ್ಸ್. ಅವರ ಬದುಕಿನ ವಿವರ ಪಂಚಾಯಿತಿಯ ಕೆಲಸಕ್ಕೆ ನೇರವಾಗಿ ಒದಗುವಂಥದು.

ವೈದ್ಯರೇ ರೋಗಿಯಾದ ಬಗೆ

ಲಾರೆನ್ಸ್ ಜನಿಸಿದ್ದು 1892ರಲ್ಲಿ, ಅಬರ್ಡೀನ್ ನಗರದಲ್ಲಿ. ತಂದೆ ಬ್ರಷ್ ತಯಾರಿಕೆಯ ಉದ್ಯಮಿ. ಮಗ ಮೊದಲು ಓದಿದ್ದು ಸಾಹಿತ್ಯ. ಕೆಲಕಾಲ ಬಟ್ಟೆಯಂಗಡಿಯಲ್ಲಿ ದುಡಿದು, ಆ ಕೆಲಸ ಒಗ್ಗದೆ ವೈದ್ಯಕೀಯಕ್ಕೆ ಸೇರಿ 1916ರಲ್ಲಿ ಪದವಿ ಪಡೆದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಸೇನಾ ವೈದ್ಯರಾಗಿ ಅವರು ಬಂದದ್ದು ಅಂದಿನ ಭಾರತದ ಗಡಿಪ್ರಾಂತಕ್ಕೆ. ಅಲ್ಲಿ ಆಮಶಂಕೆ ತಗುಲಿ 1919ರಲ್ಲಿ ಊರಿಗೆ ಮರಳಬೇಕಾಯಿತು.

ಅನಂತರ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯರಾಗುವ ಸಿದ್ಧತೆ ನಡೆಸಿದ್ದರು. ಕಿವಿಯ ಹಿಂಭಾಗದ ಎಲುಬಿನ ಶಸ್ತ್ರಕ್ರಿಯೆಯನ್ನು ಶವದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಎಲುಬಿನ ಚೂರೊಂದು ಸಿಡಿದು ಬಲಗಣ್ಣಿಗೆ ತಾಗಿತು. ಗಾಯ ಕೀವಾಯಿತು. ಸೋಂಕಿಗೆಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಾಡಿದ ಪರೀಕ್ಷೆಯಲ್ಲಿ ತಿಳಿದುಬಂದದ್ದು, ಅವರಿಗೆ ಮಧುಮೇಹವಿದೆ ಎಂಬುದು. ಆ ವರ್ಷ 1920. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಂದು ಆ ವಯಸ್ಸಿನವರಿಗೆ ಮಧುಮೇಹವೆಂದರೆ ಮರಣಶಾಸನವೇ. ದೇಹದಲ್ಲಿ ಸಕ್ಕರೆಯನ್ನು ಬಳಕೆಗೆ ತರುವ ಇನ್ಸುಲಿನ್ ಎಂಬ ರಸ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಎಳೆಯರಲ್ಲಿ ಬರುವ ತೀವ್ರ ಬಗೆಯ ಮಧುಮೇಹದಲ್ಲಿ ಆ ರಸವೇ ಬತ್ತಿಹೋಗುತ್ತದೆ. ಉಂಡ ಅನ್ನ ರಕ್ತದಲ್ಲಿ ಸಕ್ಕರೆಯಾಗಿ ಸೇರಿದರೂ ಮೈಗೆ ಹತ್ತುವುದಿಲ್ಲ. ತುಂಬಿದ ಕಣಜದ ಬೀಗದ ಕೈ ಕಳೆದಂತೆ. ಅಂದಿದ್ದ ಏಕೈಕ ಚಿಕಿತ್ಸೆ ಅರೆಹೊಟ್ಟೆಯ ಪಥ್ಯ. ಅಮೆರಿಕದ ಡಾ. ಫ್ರೆಡರಿಕ್ ಆಲೆನ್ ರೂಪಿಸಿದ ಆ ಪಥ್ಯದಲ್ಲಿ ಆಹಾರವನ್ನು ಎಷ್ಟು ಕಡಿತಗೊಳಿಸುತ್ತಿದ್ದರೆಂದರೆ, ರೋಗಿ ಕೆಲವು ವರ್ಷ ಹೆಚ್ಚು ಬದುಕಿದರೂ ಎಲುಬಿನ ಹಂದರವಾಗಿ ಬದುಕುತ್ತಿದ್ದ.

ಕಣ್ಣಿನ ದೃಷ್ಟಿ ಕುಂದಿದ್ದರಿಂದ ಲಾರೆನ್ಸ್ ಶಸ್ತ್ರವೈದ್ಯಕೀಯವನ್ನು ಬಿಟ್ಟರು. ಆಸ್ಪತ್ರೆಯ ರಸಾಯನ ಪ್ರಯೋಗಾಲಯದಲ್ಲಿ ಡಾ. ಹ್ಯಾರಿಸನ್ ಎಂಬ ಹಿರಿಯರ ಕೈಕೆಳಗೆ ಕೆಲಸಕ್ಕೆ ಸೇರಿದರು. ಹಸಿವನ್ನು ಸಹಿಸಿಕೊಂಡೇ ಉನ್ನತ ಪದವಿಯ ಪ್ರಬಂಧವನ್ನು ಬರೆದು ಮುಗಿಸಿದರು. ಉಳಿದದ್ದು ಮೂರು ನಾಲ್ಕು ವರ್ಷವೆಂದು ಅವರಿಗೆ ಗೊತ್ತಿತ್ತು. ತಾನು ಸವೆದು ಸಾಯುವುದನ್ನು ಮನೆಯವರು ಕಣ್ಣಾರೆ ಕಾಣುವುದು ಬೇಡವೆಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ತೆರಳಿ, ಅಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು.

ಕಾಯಿಲೆಯನ್ನು ಮನೆಯವರಿಂದ ಮರೆಮಾಚಬೇಕೆಂಬ ಈ ಮನಸ್ಸು ಓದು ಬಾರದವರ ಅಜ್ಞಾನವಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಬಲ್ಲ ವೈದ್ಯರಿಗೂ ಅದೇ ಸಂಕೋಚ, ಅದೇ ಒಂಟಿತನ ಬಂದಿತ್ತು.

ಮರಳಿ ಬಂದ ಬಾಳು

ಅತ್ತ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜೇಮ್ಸ್ ಕಾಲಿಪ್ ಮತ್ತು ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಅವರ ಪರಿಶ್ರಮದಿಂದ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬೇರ್ಪಡಿಸುವ ವಿಧಾನ ಸಿದ್ಧಿಸಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಚುಚ್ಚುಮದ್ದು ದೊರೆಯಿತು. ಸಂಶೋಧಕರು ಅದರ ಹಕ್ಕನ್ನು ಕೇವಲ ಹೆಸರಿಗೆಂಬಂತೆ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

ಆ ವರ್ಷದ ಕೊನೆಯ ಚಳಿಗಾಲದಲ್ಲಿ ಫ್ಲಾರೆನ್ಸಿನಲ್ಲಿದ್ದ ಲಾರೆನ್ಸರಿಗೆ ಎದೆಯ ಸೋಂಕು ತಗುಲಿ ಮಧುಮೇಹ ಕೈಮೀರಿತು. ಮೈ ಕೃಶವಾಯಿತು, ಕಾಲಿನ ನರಗಳು ಸೋತವು. 1923ರಲ್ಲಿ ಹ್ಯಾರಿಸನ್ ಅವರಿಂದ ಚುಟುಕಾದ ಸಂದೇಶ ಬಂದಿತು: ಇನ್ಸುಲಿನ್ ದೊರೆತಿದೆ, ಕೆಲಸ ಮಾಡುತ್ತಿದೆ, ಬೇಗ ಮರಳಿ ಬರಬೇಕು ಎಂಬುದು ಅದರ ಸಾರ. ಲಾರೆನ್ಸ್ ಆ ಸ್ಥಿತಿಯಲ್ಲೇ ಕಾರಿನಲ್ಲಿ ಯೂರೋಪನ್ನು ದಾಟಿ ಮೇ 28ರಂದು ಲಂಡನ್ನಿನ ಆಸ್ಪತ್ರೆಯನ್ನು ತಲುಪಿದರು. ಮೇ 31ರಂದು ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಪಡೆದರು. ಚೇತರಿಸಿಕೊಂಡ ಬಳಿಕ ಕೆಲಸಕ್ಕೆ ಹಾಜರಾದರು. ಅಲ್ಲಿಂದ ಮುಂದೆ ಅವರು ಬದುಕಿದ್ದು ನಲವತ್ತೈದು ವರ್ಷ. 1928ರಲ್ಲಿ ವಿವಾಹವಾದರು; ಮೂವರು ಗಂಡುಮಕ್ಕಳ ತಂದೆಯಾದರು. ತೀರಿಕೊಂಡದ್ದು 1968ರಲ್ಲಿ, ಎಪ್ಪತ್ತೈದರ ಹರೆಯದಲ್ಲಿ.

ಔಷಧಿ ಜೀವ ಉಳಿಸಿತು ಎಂಬಲ್ಲಿಗೆ ಈ ಕಥೆಯನ್ನು ನಿಲ್ಲಿಸಿದರೆ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಉಳಿದ ಜೀವವನ್ನು ಬಾಳಾಗಿ ಮಾಡಿಕೊಂಡ ಬಗೆಯೇ ಇನ್ನರ್ಧ.

ಸಮಗ್ರ ಎಂಬ ಮಾತಿನ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯ 1948ರಿಂದ ಜಾರಿಯಲ್ಲಿರುವ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮವೂ ಹೌದು ಎಂದು ನಿರೂಪಿಸಿದೆ. ಸಮಗ್ರ ಸ್ವಾಸ್ಥ್ಯ ಎಂಬ ಮಾತಿನ ಹುರುಳು ಇದೇ. ಆದರೆ ಈ ಮಾತು ಇಂದು ಸಂತೆಯ ಸರಕಾಗಿದೆ. ಒಂದು ಪುಡಿ, ಒಂದು ಕಷಾಯ, ನಲವತ್ತೆಂಟು ದಿನದ ಒಂದು ವ್ರತದಿಂದ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುತ್ತೇವೆ, ಇಂಗ್ಲಿಷ್ ಮಾತ್ರೆಯನ್ನು ನಿಲ್ಲಿಸಿರಿ ಎಂದು ಹೇಳುವವರು ಜಾತ್ರೆಯಲ್ಲೂ ಮೊಬೈಲಿನಲ್ಲೂ ಸಿಗುತ್ತಾರೆ. ಇನ್ಸುಲಿನ್ ಮೇಲೆಯೇ ಜೀವ ನಿಂತಿರುವ ಮಗುವಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಪ್ರಾಣವೇ ಹೋಗಬಹುದು.

ಲಾರೆನ್ಸರ ಬದುಕಿನಲ್ಲಿ ಸಮಗ್ರತೆ ಎಂದರೆ ಔಷಧಿಯನ್ನು ಬಿಡುವುದಾಗಿರಲಿಲ್ಲ. ಔಷಧಿಯ ಜೊತೆಗೆ ಊಟ, ದುಡಿಮೆ, ವಿಶ್ರಾಂತಿ, ತಿಳಿವಳಿಕೆ, ಸಂಸಾರ ಮತ್ತು ಸಂಘ ಇವೆಲ್ಲವನ್ನೂ ಕೂಡಿಸುವುದಾಗಿತ್ತು.

ಮೊದಲನೆಯದು ದೇಹ. ಚುಚ್ಚುಮದ್ದು ಎಷ್ಟು, ಊಟ ಎಷ್ಟು, ನಡಿಗೆ ಎಷ್ಟು ಎಂಬ ಮೂರನ್ನೂ ಸರಿತೂಗಿಸದಿದ್ದರೆ ಸಕ್ಕರೆ ಏರುತ್ತದೆ, ಇಲ್ಲವೇ ಅಪಾಯಕಾರಿಯಾಗಿ ಇಳಿಯುತ್ತದೆ ಎಂಬುದನ್ನು ಅವರು ತಮ್ಮ ಮೈಯಲ್ಲೇ ಕಲಿತರು. ಆಹಾರದ ಲೆಕ್ಕವನ್ನು ಸಾಮಾನ್ಯರಿಗೆ ಸುಲಭಗೊಳಿಸಲು ಕಪ್ಪು ಮತ್ತು ಕೆಂಪು ಎಂಬ ಎರಡು ಪಟ್ಟಿಗಳನ್ನು ಸಿದ್ಧಪಡಿಸಿದರು. ಬ್ರೆಡ್ಡು, ಆಲೂಗಡ್ಡೆ, ಹಣ್ಣಿನಂತಹ ಪಿಷ್ಟ ಸಕ್ಕರೆಯ ಪದಾರ್ಥಗಳು ಕಪ್ಪು ಪಟ್ಟಿಯಲ್ಲಿ. ಮಾಂಸ, ಮೊಟ್ಟೆ, ಗಿಣ್ಣಿನಂಥವು ಕೆಂಪು ಪಟ್ಟಿಯಲ್ಲಿ. ಕಪ್ಪು ಪಟ್ಟಿಯ ಒಂದು ಪಾಲೆಂದರೆ 10 ಗ್ರಾಂ ಪಿಷ್ಟ. ಇಷ್ಟು ಪಾಲು ಇದು, ಇಷ್ಟು ಪಾಲು ಅದು ಎಂದರೆ ಸಾಕು, ಅಡುಗೆಮನೆಯಲ್ಲಿರುವವರು ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದಿತ್ತು.

ಎರಡನೆಯದು ಮನಸ್ಸು. ವೈದ್ಯರು ಹೇಳುವುದು, ರೋಗಿ ಕೇಳುವುದು ಎಂಬ ಪದ್ಧತಿ ಬಾಳಿನುದ್ದದ ಕಾಯಿಲೆಗೆ ಸಾಲದು ಎಂಬುದು ಅವರ ಅನುಭವದ ಪಾಠ. ತಿಂಗಳಿಗೊಮ್ಮೆ ಕಾಣುವ ವೈದ್ಯರಿಗಿಂತ ದಿನಕ್ಕೆ ಮೂರು ಹೊತ್ತು ಉಣ್ಣುವ ರೋಗಿಯೇ ಚಿಕಿತ್ಸೆಯ ಯಜಮಾನ. ಆದ್ದರಿಂದ ಅವರು 1925ರಲ್ಲಿ ‘ದಿ ಡಯಾಬಿಟಿಕ್ ಲೈಫ್’ ಎಂಬ ಗ್ರಂಥವನ್ನೂ, 1929ರಲ್ಲಿ ‘ದಿ ಡಯಾಬಿಟಿಕ್ ಎಬಿಸಿ’ ಎಂಬ ಸರಳ ಕೈಪಿಡಿಯನ್ನೂ ಹೊರತಂದರು. ಅವುಗಳ ಹೆಸರಿನಲ್ಲಿ ರೋಗಕ್ಕಿಂತ ಬಾಳು ಮತ್ತು ಅಕ್ಷರಾಭ್ಯಾಸಗಳೇ ಮುಂದಾಗಿವೆ. ತಿಳಿದವನಿಗೆ ಭಯ ಕಡಿಮೆ. ಭಯ ಕಡಿಮೆಯಾದವನು ಮದ್ದನ್ನು ಬಿಡುವುದಿಲ್ಲ.

ಮೂರನೆಯದು ಸಮಾಜ. ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ಒಬ್ಬರು. ವೈದ್ಯರೂ ರೋಗಿಯೂ ಜೊತೆಗೂಡಿ 1934ರಲ್ಲಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ಬಡವನಿಗೂ ಚಿಕಿತ್ಸೆ ಎಟುಕಬೇಕು, ಮಧುಮೇಹಿಯೆಂಬ ಕಾರಣಕ್ಕೆ ಯಾರೂ ಕೆಲಸ ಕಳೆದುಕೊಳ್ಳಬಾರದು, ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿಯಾಗಬೇಕು ಎಂಬ ದಿಕ್ಕಿನಲ್ಲಿ ಅದು ಬೆಳೆಯಿತು. ಇಂದು ‘ಡಯಾಬಿಟೀಸ್ ಯುಕೆ’ ಎಂಬ ಹೆಸರಿನಲ್ಲಿ ಆ ಸಂಘ ಕೆಲಸ ಮಾಡುತ್ತಿದೆ. ಎರಡನೆಯ ಮಹಾಯುದ್ಧದ ಪಡಿತರದ ದಿನಗಳಲ್ಲಿ ಬ್ರಿಟನ್ನಿನ ಮಧುಮೇಹಿಗಳು ಸಕ್ಕರೆಯ ಪಾಲನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಬೇರೆ ಆಹಾರವನ್ನು ಹೆಚ್ಚುವರಿಯಾಗಿ ಪಡೆಯುವ ವ್ಯವಸ್ಥೆಯಿತ್ತು. ಕಾಯಿಲೆ ಒಬ್ಬೊಬ್ಬರದಾದರೂ ಪರಿಹಾರದಲ್ಲಿ ಆಡಳಿತಕ್ಕೂ ಪಾಲುಂಟು ಎಂಬುದಕ್ಕೆ ಇದು ನಿದರ್ಶನ. 1950ರಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ಲಾರೆನ್ಸ್ ಅವರೇ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ಲಾರೆನ್ಸ್ ವೈದ್ಯರಾಗಿದ್ದರು, ಲಂಡನ್ನಿನ ಆಸ್ಪತ್ರೆ ಅವರದಾಗಿತ್ತು, ಸಂದೇಶ ಕಳುಹಿಸುವ ಹಿರಿಯ ಮಿತ್ರರಿದ್ದರು. ಅದೇ ವರ್ಷ ಜಗತ್ತಿನ ಎಷ್ಟೋ ಊರುಗಳಲ್ಲಿ ಅದೇ ಕಾಯಿಲೆಯ ಮಕ್ಕಳಿಗೆ ಅಂತಹ ಸಂದೇಶ ಬರಲಿಲ್ಲ. ಆದುದರಿಂದ ಅವರ ಬಾಳನ್ನು ಕೇವಲ ಮನೋಬಲದ ಕಥೆಯಾಗಿ ಹೇಳುವುದು ನ್ಯಾಯವಲ್ಲ. ಮನೋಬಲವಿದ್ದೂ ಮದ್ದು ಸಿಗದವನು ಉಳಿಯಲಾರ. ಮದ್ದು ಇದೆ ಎಂಬ ಸುದ್ದಿಯನ್ನೂ, ಮದ್ದನ್ನೂ ಕಟ್ಟಕಡೆಯ ಮನೆಗೆ ತಲುಪಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಹಳ್ಳಿಯಲ್ಲಿ ಆ ಹ್ಯಾರಿಸನ್ ಯಾರು ಎಂಬುದೇ ಪಂಚಾಯಿತಿಯ ಮುಂದಿರುವ ಪ್ರಶ್ನೆ.

ಪಂಚಾಯಿತಿಯ ಹೊಣೆ

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪೈಕಿ ಆರೋಗ್ಯ ಮತ್ತು ನೈರ್ಮಲ್ಯವೂ ಸೇರಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಚುನಾಯಿತ ಸದಸ್ಯರಿಗೆ ಮುಖ್ಯ ಸ್ಥಾನವಿದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ 30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಮಧುಮೇಹ, ರಕ್ತದೊತ್ತಡ ಮತ್ತು ಸಾಮಾನ್ಯ ಕ್ಯಾನ್ಸರ್‌ಗಳ ತಪಾಸಣೆ ನಡೆಯಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನಮೂನೆ ಭರ್ತಿ ಮಾಡುತ್ತಾರೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು ತಪಾಸಣೆ ನಡೆಸುತ್ತಾರೆ. ವ್ಯವಸ್ಥೆ ಇದೆ. ಅದು ನಡೆಯುವಂತೆ ನೋಡಿಕೊಳ್ಳಲು ಸದಸ್ಯರು ಈ ಕೆಳಗಿನ ಕೆಲಸಗಳನ್ನು ಕೈಗೊಳ್ಳಬಹುದು.

1. ತಪಾಸಣೆಯ ದಿನವನ್ನು ಜನರ ದುಡಿಮೆಗೆ ಹೊಂದಿಸುವುದು. ಕೂಲಿಗೆ ಹೋಗುವವರು ಹಗಲು ಹನ್ನೊಂದಕ್ಕೆ ಆರೋಗ್ಯ ಮಂದಿರಕ್ಕೆ ಬರಲಾರರು. ಡೇರಿಗೆ ಹಾಲು ಹಾಕುವ ಬೆಳಗಿನ ಹೊತ್ತು, ಸಂತೆಯ ದಿನ, ಪಡಿತರ ವಿತರಣೆಯ ದಿನ, ಉದ್ಯೋಗ ಖಾತರಿ ಕಾಮಗಾರಿಯ ಸ್ಥಳ ಇವುಗಳನ್ನು ಆಯ್ದು, ವೈದ್ಯಾಧಿಕಾರಿಗಳೊಂದಿಗೆ ಮಾತನಾಡಿ ದಿನ ಗೊತ್ತುಪಡಿಸಬೇಕು. ಸದಸ್ಯರು ಮೊದಲು ತಾವೇ ತೋಳು ಚಾಚಿ ಪರೀಕ್ಷೆ ಮಾಡಿಸಿಕೊಂಡರೆ ಉಳಿದವರ ಸಂಕೋಚ ಅರ್ಧ ಕಳೆಯುತ್ತದೆ.

2. ಔಷಧಿಯ ದಾಸ್ತಾನನ್ನು ವಿಚಾರಿಸುವುದು. ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ ಎಂಬ ಒಂದು ಮಾತಿನಿಂದ ಎಷ್ಟೋ ಜನರ ಚಿಕಿತ್ಸೆ ನಿಂತುಹೋಗುತ್ತದೆ. ಪ್ರತಿ ಸಾಮಾನ್ಯ ಸಭೆಯಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳು ಎಷ್ಟು ದಿನಕ್ಕೆ ಸಾಕಾಗುವಷ್ಟಿವೆ ಎಂದು ಕೇಳಿ ನಡಾವಳಿಯಲ್ಲಿ ದಾಖಲಿಸಬೇಕು. ಕೊರತೆಯಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯಬೇಕು.

3. ಇನ್ಸುಲಿನ್ ಕೆಡದಂತೆ ನೋಡಿಕೊಳ್ಳುವುದು. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಫ್ರಿಜ್ ಇಲ್ಲದ ಮನೆಯವರಿಗೆ ಬಳಕೆಯಲ್ಲಿರುವ ಸೀಸೆಯನ್ನು ಬಿಸಿಲಿನಿಂದಲೂ ಒಲೆಯ ಕಾವಿನಿಂದಲೂ ದೂರವಿಡಲು ಒದ್ದೆ ಮಣ್ಣಿನ ಮಡಕೆಯ ಆಸರೆ ನೆರವಾಗುತ್ತದೆ. ಉಳಿದ ದಾಸ್ತಾನನ್ನು ಆರೋಗ್ಯ ಕೇಂದ್ರದ ತಂಪಿನಲ್ಲಿ ಇರಿಸಿಕೊಡಲು ಸಾಧ್ಯವೇ ಎಂದು ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಬಹುದು.

4. ಶಾಲೆ ಮತ್ತು ಅಂಗನವಾಡಿಯಲ್ಲಿ ಎಚ್ಚರ. ಮಗು ಪದೇ ಪದೇ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಉಂಡರೂ ಸೊರಗುತ್ತಿದ್ದರೆ ಅದನ್ನು ದೃಷ್ಟಿ ತಾಗಿದೆ ಎಂದು ಬಿಡದೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಇನ್ಸುಲಿನ್ ಪಡೆಯುವ ಮಗುವಿಗೆ ಬೆವರು, ನಡುಕ, ತಬ್ಬಿಬ್ಬು ಕಂಡರೆ ಸಕ್ಕರೆ ಇಳಿದಿದೆ ಎಂದರ್ಥ; ಎಚ್ಚರವಿದ್ದರೆ ತಕ್ಷಣ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಕಾಮಗಾರಿಯ ಸ್ಥಳದಲ್ಲಿ ದುಡಿಯುವ ಮಧುಮೇಹಿಗಳಿಗೂ ಇದೇ ನಿಯಮ. ಹೊತ್ತಿಗೆ ಸರಿಯಾಗಿ ಬುತ್ತಿ ಬಿಚ್ಚಲು ಅವರಿಗೆ ಬಿಡುವು ಕೊಡಬೇಕು.

5. ನಡೆಯಲು ದಾರಿ, ಕೂಡಲು ಜಾಗ. ಬೆಳಗಿನ ನಡಿಗೆಗೆ ಬೀದಿದೀಪವಿರುವ ಸುರಕ್ಷಿತ ದಾರಿ, ಹೆಂಗಸರು ಅಂಜಿಕೆಯಿಲ್ಲದೆ ಓಡಾಡಬಹುದಾದ ಕೆರೆ ಏರಿ, ಆಟದ ಮೈದಾನ ಇವು ಪಂಚಾಯಿತಿಯ ಕ್ರಿಯಾಯೋಜನೆಯಲ್ಲೇ ಬರುವ ಕೆಲಸಗಳು. ಗ್ರಂಥಾಲಯದಲ್ಲೋ ಸಮುದಾಯ ಭವನದಲ್ಲೋ ತಿಂಗಳಿಗೊಮ್ಮೆ ಮಧುಮೇಹಿಗಳು ಒಟ್ಟಾಗಿ ಕುಳಿತು ಊಟ, ಮಾತ್ರೆ, ಪಾದದ ಗಾಯದ ವಿಚಾರ ಮಾತನಾಡುವಂತೆ ಸ್ವಸಹಾಯ ಸಂಘಗಳ ನೆರವು ಪಡೆಯಬಹುದು. 1934ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಘದ ಬೀಜವೂ ಇಷ್ಟೇ ಆಗಿತ್ತು: ಒಂದೇ ಕಾಯಿಲೆಯವರು ಒಂದೆಡೆ ಸೇರುವುದು.

ಮುದ್ದೆ, ಅನ್ನ, ರೊಟ್ಟಿ ಇವುಗಳಲ್ಲಿ ಯಾವುದು ಒಳ್ಳೆಯದೆಂಬ ವಾದ ಇಂತಹ ಕೂಟದಲ್ಲಿ ಏಳುವುದು ಸಹಜ. ರಾಗಿ ತಿಂದರೆ ಸಕ್ಕರೆಯೇ ಬಾರದು ಎಂಬ ನಂಬಿಕೆಯಿಂದ ಮಿತಿಮೀರಿ ಉಣ್ಣುವವರೂ ಇದ್ದಾರೆ. ರಾಗಿಯಲ್ಲೂ ಪಿಷ್ಟವಿದೆ, ಯಾವುದನ್ನು ಉಂಡರೂ ಅಳತೆ ಮುಖ್ಯ. ತಟ್ಟೆಯಲ್ಲಿ ಸೊಪ್ಪು ತರಕಾರಿ ಮತ್ತು ಕಾಳುಗಳು ಹೆಚ್ಚಿ ಮುದ್ದೆಯ ಗಾತ್ರ ತಗ್ಗಿದರೆ ಲಾರೆನ್ಸರ ಕಪ್ಪು ಕೆಂಪು ಪಟ್ಟಿಯ ಸಾರ ಹಳ್ಳಿಯ ಅಡುಗೆಮನೆಗೆ ಬಂದಂತೆಯೇ. ಬೀಡಿ, ಹೊಗೆಸೊಪ್ಪು, ಮದ್ಯಗಳನ್ನು ಬಿಡುವುದು ಕಾಲು, ಕಣ್ಣು, ಹೃದಯಗಳ ರಕ್ಷಣೆಗೆ ಮದ್ದಿನಷ್ಟೇ ಮುಖ್ಯ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಮಧುಮೇಹವಿರುವ ಹೆಣ್ಣುಮಗಳಿಗೆ ಮದುವೆಯಾಗದು, ಮಕ್ಕಳಾಗದು ಎಂಬ ಹೆದರಿಕೆಯಿಂದ ತಂದೆತಾಯಿಗಳು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಸೂಜಿಯನ್ನು ಬಚ್ಚಿಟ್ಟುಕೊಂಡು ಚುಚ್ಚಿಕೊಳ್ಳುವ, ಕಡೆಗೆ ಅದನ್ನೂ ಬಿಡುವ ಪರಿಸ್ಥಿತಿ ಒದಗುತ್ತದೆ. ನಿಯಂತ್ರಣದಲ್ಲಿರುವ ಮಧುಮೇಹ ವಿವಾಹಕ್ಕೂ ಸಂತಾನಕ್ಕೂ ಅಡ್ಡಿಯಲ್ಲ. ಗರ್ಭಿಣಿಯಾದಾಗ ಹೆಚ್ಚಿನ ವೈದ್ಯಕೀಯ ನಿಗಾ ಬೇಕು, ಅಷ್ಟೇ. ಈ ಮಾತನ್ನು ವೈದ್ಯರು ಹೇಳಿದರೆ ಒಂದು ತೂಕ; ಊರಿನ ಸದಸ್ಯೆಯೇ ಮನೆಯ ಜಗಲಿಯ ಮೇಲೆ ಕುಳಿತು ಅತ್ತೆ ಸೊಸೆಯರಿಬ್ಬರಿಗೂ ಹೇಳಿದರೆ ಬೇರೆಯೇ ತೂಕ. ಆದರೆ ಯಾರ ಕಾಯಿಲೆಯ ವಿವರವನ್ನೂ ಅವರ ಒಪ್ಪಿಗೆಯಿಲ್ಲದೆ ಸಭೆಯಲ್ಲಿ ಪ್ರಸ್ತಾಪಿಸಕೂಡದು. ಸಭೆಗೆ ಬೇಕಾದದ್ದು ಸಂಖ್ಯೆ ಮಾತ್ರ, ಹೆಸರಲ್ಲ.

ನವೆಂಬರ್ 14 ಈ ನಾಡಿನಲ್ಲಿ ಮಕ್ಕಳ ದಿನಾಚರಣೆ. ಇನ್ಸುಲಿನ್ ಸಂಶೋಧಕ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ ಆದ್ದರಿಂದ ಜಗತ್ತು ಆ ದಿನವನ್ನು ವಿಶ್ವ ಮಧುಮೇಹ ದಿನವಾಗಿಯೂ ಆಚರಿಸುತ್ತದೆ. ಮಕ್ಕಳ ಗ್ರಾಮಸಭೆಯನ್ನು ಆ ದಿನದ ಆಸುಪಾಸಿನಲ್ಲಿ ನಡೆಸುವ ಪಂಚಾಯಿತಿಗಳು ಕಾರ್ಯಸೂಚಿಗೆ ಒಂದು ವಿಷಯವನ್ನು ಸೇರಿಸಬಹುದು: ಪಂಚಾಯಿತಿ ವ್ಯಾಪ್ತಿಯಲ್ಲಿ 30 ವರ್ಷ ದಾಟಿದವರು ಎಷ್ಟು, ಅವರ ಪೈಕಿ ತಪಾಸಣೆಯಾದವರು ಎಷ್ಟು, ಕಾಯಿಲೆಯಿದೆಯೆಂದು ತಿಳಿದವರಲ್ಲಿ ಕಳೆದ ತಿಂಗಳು ಮದ್ದು ಪಡೆದವರು ಎಷ್ಟು. ಈ ಮೂರು ಸಂಖ್ಯೆಗಳನ್ನು ಸಮುದಾಯ ಆರೋಗ್ಯ ಅಧಿಕಾರಿಗಳಿಂದ ಪಡೆದು ಸೂಚನಾ ಫಲಕದಲ್ಲಿ ಬರೆಯಿಸಬೇಕು. ಮೊದಲನೆಯ ಮತ್ತು ಎರಡನೆಯ ಸಂಖ್ಯೆಗಳ ನಡುವಿನ ಅಂತರವೇ ಇನ್ನೂ ಸುದ್ದಿ ತಲುಪದವರ ಲೆಕ್ಕ. ಕಾಯಿಲೆ ತಿಳಿದೂ ಕಳೆದ ತಿಂಗಳು ಮದ್ದು ಪಡೆಯದವರ ಸಂಖ್ಯೆಯೇ ನಡುದಾರಿಯಲ್ಲಿ ಕೈಬಿಟ್ಟವರ ಲೆಕ್ಕ. ಮುಂದಿನ ಸಭೆಯ ಹೊತ್ತಿಗೆ ಈ ಎರಡೂ ಕಡಿಮೆಯಾಗುವಂತೆ ಮಾಡುವುದು ಪ್ರತಿಯೊಬ್ಬ ಸದಸ್ಯರ ವಾರ್ಡಿನ ಕೆಲಸ.